ಬಾಯೊಳಗಿನ ವಿಮಾನದ ರೆಕ್ಕೆ

"ಅಮ್ಮಾ, ಈ ತಂತಿ ತೆಗೆಸಿಬಿಡು, ತಡೆಯೋಕಾಗ್ತಿಲ್ಲ" ಅಂತ ಮಗಳು ರಾತ್ರಿಯೆಲ್ಲ ಅತ್ತಳು. ಹಲ್ಲಿಗೆ ಕ್ಲಿಪ್ ಹಾಕಿಸಿ ಎರಡೇ ದಿನ ಆಗಿತ್ತು. ಅವಳ ಸಂಕಟ ನೋಡಲಾರದೆ, ತೆಗೆಸಿಯೇಬಿಡೋಣ ಅಂತ ನನಗೂ ಅನ್ನಿಸಿತು.

ಬೆಳಗ್ಗೆ ದಂತವೈದ್ಯೆ ಅಂಥದ್ದೇ ತಂತಿಯೊಂದನ್ನು ತಣ್ಣೀರಲ್ಲಿ ಅದ್ದಿ ಬಗ್ಗಿಸಿದರು. ಮೆತ್ತಗೆ ಬಾಗಿತು. ಬಿಸಿನೀರಿಗೆ ಹಾಕಿದ್ದೇ ತಡ, ಮತ್ತೆ ಮೊದಲಿನ ಕಮಾನು!

ನಿಕಲ್, ಟೈಟಾನಿಯಂ ಬೆರೆತ ಈ ಲೋಹದ ಹೆಸರು ನಿಟಿನಾಲ್. ಅಮೆರಿಕದ ನೌಕಾಪಡೆಯ ಪ್ರಯೋಗಾಲಯದಲ್ಲಿ ಹುಟ್ಟಿದ್ದು. ಬಿಸಿ ತಾಗಿದರೆ ಒಳಗಿನ ಪರಮಾಣುಗಳ ಜೋಡಣೆ ಬದಲಾಗಿ, ಹಳೇ ಆಕಾರಕ್ಕೆ ಮರಳುತ್ತದೆ. ಬಾಯಿಯ ಬಿಸುಪಿಗೆ ಹೀಗೆ ಮರಳುವಾಗಲೇ ಹಲ್ಲನ್ನು ಸಾಲಿಗೆ ಎಳೆಯುವುದು.

ಇಂಥದ್ದೇ ಮಿಶ್ರಲೋಹವನ್ನು ಬಿಸಿಮಾಡಿ ನಾಸಾದವರು, ಪೈಲಟ್ ಇಲ್ಲದ ಪುಟ್ಟ ವಿಮಾನದ ರೆಕ್ಕೆಯ ತುದಿಗಳನ್ನು ಹಾರುತ್ತಿರುವಾಗಲೇ 70 ಡಿಗ್ರಿಯವರೆಗೆ ಮಡಿಸಿ ತೋರಿಸಿದ್ದಾರೆ. ರೆಕ್ಕೆ ಮಡಿಸಲು ಭಾರದ ಮೋಟಾರು, ಹೈಡ್ರಾಲಿಕ್ ವ್ಯವಸ್ಥೆ ಬೇಕಾಗಲಿಲ್ಲ. ತೂಕ ಇಳಿದರೆ ಇಂಧನವೂ ಉಳಿತಾಯ ತಾನೇ?

"ಹಾಗಾದ್ರೆ ನನ್ನ ಬಾಯಲ್ಲಿರೋದು ವಿಮಾನದ ತಂತಿನಾ?" ಅಂದಳು ಮಗಳು, ಕಣ್ಣೊರೆಸಿಕೊಂಡು.

ನೋವು ಇನ್ನೂ ಇದೆ. ಜಾಸ್ತಿಯಾದಾಗ ಒಂದು ಗುಟುಕು ತಣ್ಣೀರು ಕುಡೀತಾಳೆ, ತಂತಿ ಕೊಂಚ ಸಡಿಲಾಗುತ್ತೆ. ತೆಗೆಸೋ ಮಾತು ಮಾತ್ರ ಮತ್ತೆ ಎತ್ತಿಲ್ಲ. ನಾನೂ ಎತ್ತಿಲ್ಲ.