ದಾರಿ ಕೇಳಿದವರೇ ಬೋರ್ಡು ಬರೆಯಲಿ

2023ರ ಡಿಸೆಂಬರ್‌ವರೆಗೆ ದಾದರ್ ಸ್ಟೇಷನ್ನಿನಲ್ಲಿ ಒಂದನೇ ನಂಬರಿನ ಪ್ಲಾಟ್‌ಫಾರ್ಮ್ ಎರಡಿದ್ದವು. ಒಂದು ಪಶ್ಚಿಮ ರೈಲ್ವೆಯದು, ಇನ್ನೊಂದು ಮಧ್ಯ ರೈಲ್ವೆಯದು. ದಿನವೂ ಓಡಾಡುವವರಿಗೆ ಇದೊಂದು ತೊಂದರೆಯೇ ಆಗಿರಲಿಲ್ಲ. ಅವರ ಕಾಲಿಗೆ ದಾರಿ ಗೊತ್ತಿತ್ತು. ತಬ್ಬಿಬ್ಬಾಗುತ್ತಿದ್ದವರು ಊರಿನಿಂದ ಬ್ಯಾಗು ಹೊತ್ತು ಬಂದವರು. ಕೊನೆಗೆ ಎರಡೂ ಕಡೆಗೆ ಸೇರಿಸಿ ಒಂದೇ ಸಾಲಿನ ನಂಬರು ಕೊಟ್ಟರು. ಬೋರ್ಡಿನಲ್ಲಿ ಏನು ಕೊರತೆಯಿದೆ ಎನ್ನುವುದು ಮೊದಲು ಕಾಣುವುದು ಹೊಸಬರ ಕಣ್ಣಿಗೇ. ಪರವೂರಿನಲ್ಲಿ ಬದುಕು ಕಟ್ಟಿಕೊಂಡ ನಮಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ.

ಕಂಪ್ಯೂಟರ್ ಲೋಕದಲ್ಲೂ ಹೀಗೆಯೇ. ಯಾರು ಬೇಕಾದರೂ ಬಳಸಬಹುದಾದ, ತಿದ್ದಬಹುದಾದ ಓಪನ್ ಸೋರ್ಸ್ ತಂತ್ರಾಂಶಗಳ ಮೇಲೆ ಇವತ್ತಿನ ಅಂತರಜಾಲ ನಿಂತಿದೆ. ಅವುಗಳ ಒಳಗಿನ ಕೋಡ್ ಬರೆಯುವವರು ಪ್ರವೀಣರು. ಆದರೆ ಅದನ್ನು ಬಳಸುವುದು ಹೇಗೆಂದು ತಿಳಿಸುವ ಕೈಪಿಡಿ, ಅಂದರೆ ಡಾಕ್ಯುಮೆಂಟೇಶನ್, ಹಲವು ಕಡೆ ಅರೆಬರೆ. ಗಿಟ್‌ಹಬ್ 2017ರಲ್ಲಿ ನಡೆಸಿದ ಸಮೀಕ್ಷೆಯಲ್ಲಿ ಶೇ. 93 ಮಂದಿ ಅಪೂರ್ಣವಾದ ಅಥವಾ ಹಳತಾದ ಕೈಪಿಡಿಗಳ ಸಮಸ್ಯೆಯನ್ನು ಕಂಡಿದ್ದೇವೆ ಎಂದಿದ್ದರು. ಅದೇ ಸಮೀಕ್ಷೆಯಲ್ಲಿ, ಕೊಡುಗೆ ನೀಡುವವರ ಪೈಕಿ ಶೇ. 60 ಮಂದಿ ಕೈಪಿಡಿಯ ಕೆಲಸಕ್ಕೆ ಕೈ ಹಾಕುವುದೇ ಅಪರೂಪ, ಇಲ್ಲವೇ ಹಾಕಿಯೇ ಇಲ್ಲ ಎಂದಿದ್ದರು. ಊಟಕ್ಕೆ ಎಲ್ಲರೂ ಇದ್ದಾರೆ, ಎಲೆ ಹಾಕಲು ಜನವಿಲ್ಲ.

ನಮ್ಮ ಕಟ್ಟಡದಲ್ಲಿ ಎಂಜಿನಿಯರಿಂಗ್ ಎರಡನೇ ವರ್ಷದ ಹುಡುಗಿಯೊಬ್ಬಳಿದ್ದಾಳೆ. ಒಂದು ಭಾನುವಾರ ಲ್ಯಾಪ್‌ಟಾಪ್ ಹಿಡಿದು ಬಂದಳು. "ಅಂಕಲ್, ನನಗಿನ್ನೂ ಕೋಡ್ ಬರೆಯೋಕೆ ಸರಿಯಾಗಿ ಬರಲ್ಲ. ಓಪನ್ ಸೋರ್ಸ್‌ಗೆ ನಾನೇನು ಮಾಡೋಕಾಗತ್ತೆ?" ಎಂದು ಕೇಳಿದಳು. "ಈ ವಾರ ಓದುವಾಗ ಎಲ್ಲಿ ಸಿಕ್ಕಿಹಾಕಿಕೊಂಡೆ, ಅದನ್ನು ಹೇಳು" ಎಂದೆ. ಅವಳು ಎಂಡಿಎನ್‌ನ ಒಂದು ಪುಟ ತೆರೆದಳು. ಅಲ್ಲಿ ಉದಾಹರಣೆಯಲ್ಲಿ ಒಂದು ಹೆಸರು, ಕೆಳಗಿನ ವಿವರಣೆಯಲ್ಲಿ ಇನ್ನೊಂದು ಹೆಸರು. ಅರ್ಧ ಗಂಟೆ ತಲೆ ಕೆಡಿಸಿಕೊಂಡಿದ್ದಳಂತೆ. ಅನುಭವಿಗಳು ಅದನ್ನು ಮನಸ್ಸಿನಲ್ಲೇ ತಿದ್ದಿ ಓದಿಕೊಂಡು ಮುಂದೆ ಹೋಗಿರುತ್ತಾರೆ. ಸಿಕ್ಕಿಹಾಕಿಕೊಂಡದ್ದೇ ಅವಳ ಅರ್ಹತೆ.

ಎಂಡಿಎನ್ ಎಂದರೆ ವೆಬ್‌ಸೈಟ್ ಕಟ್ಟುವವರ ದೊಡ್ಡ ಆಕರ. ಮೊಜಿಲ್ಲಾ ಸಂಸ್ಥೆ 2005ರಲ್ಲಿ ಆರಂಭಿಸಿದ್ದು. ಮೊದಲು ಅದು ವಿಕಿಯಂತಿತ್ತು. 2020ರ ಡಿಸೆಂಬರ್‌ನಲ್ಲಿ ಅದರ ಪುಟಗಳೆಲ್ಲ ಗಿಟ್‌ಹಬ್‌ಗೆ ಬಂದವು. ಪ್ರತಿ ಪುಟದ ಕೊನೆಯಲ್ಲಿ ಎರಡು ಕೊಂಡಿಗಳಿವೆ. ಒಂದು ಈ ಪುಟದಲ್ಲಿ ತೊಂದರೆಯಿದೆ ಎಂದು ತಿಳಿಸಲು, ಇನ್ನೊಂದು ಪುಟದ ಮೂಲವನ್ನು ಗಿಟ್‌ಹಬ್‌ನಲ್ಲಿ ನೋಡಲು. ಎರಡನೆಯದನ್ನು ಒತ್ತಿದರೆ ಸರಳವಾದ ಮಾರ್ಕ್‌ಡೌನ್ ಕಡತ ಸಿಗುತ್ತದೆ. ಪೆನ್ಸಿಲ್ ಗುರುತನ್ನು ಒತ್ತಿದರೆ ನಿಮ್ಮ ಹೆಸರಿನಲ್ಲಿ ಅದರ ಒಂದು ಪ್ರತಿ ಸಿದ್ಧವಾಗುತ್ತದೆ. ಅದರಲ್ಲಿ ತಿದ್ದಿ, ಏಕೆ ತಿದ್ದಿದಿರಿ ಎಂದು ಎರಡು ಸಾಲು ಬರೆದು, ದಯವಿಟ್ಟು ಸೇರಿಸಿಕೊಳ್ಳಿ ಎಂದು ಕೇಳುತ್ತೀರಿ. ಇದಕ್ಕೆ ಪುಲ್ ರಿಕ್ವೆಸ್ಟ್ ಎನ್ನುತ್ತಾರೆ. ನಿಮ್ಮ ಕಂಪ್ಯೂಟರಿನಲ್ಲಿ ಏನನ್ನೂ ಹಾಕಿಕೊಳ್ಳಬೇಕಿಲ್ಲ. ಗಿಟ್‌ಹಬ್‌ನಲ್ಲಿ ಒಂದು ಖಾತೆ ಇದ್ದರೆ ಸಾಕು.

ಹುಡುಗಿ ಕಳಿಸಿದ್ದು ಒಂದೇ ಪದದ ತಿದ್ದುಪಡಿ. ಮೂರನೆಯ ದಿನ, ಯಾವುದೋ ದೇಶದಲ್ಲಿ ಕೂತ ಒಬ್ಬರು ಅದನ್ನು ನೋಡಿ, ಇದೇ ಗೊಂದಲ ಇನ್ನೊಂದು ಸಾಲಿನಲ್ಲೂ ಇದೆ, ಅದನ್ನೂ ಸರಿಮಾಡುತ್ತೀರಾ ಎಂದು ಕೇಳಿದರು. ಮಾಡಿದಳು. ಸೇರಿತು. ಮುಂದೆ ಆ ಪುಟಕ್ಕೆ ಬರುವ ಯಾರೂ ಆ ಅರ್ಧ ಗಂಟೆಯನ್ನು ಕಳೆದುಕೊಳ್ಳಬೇಕಿಲ್ಲ.

ಕೈಪಿಡಿಯ ಕೆಲಸವೆಂದರೆ ಕಾಗುಣಿತ ತಿದ್ದುವುದಷ್ಟೇ ಅಲ್ಲ. ಇಂಗ್ಲಿಷನ್ನು ಹಗುರಗೊಳಿಸುವುದೂ ಅದರಲ್ಲಿ ಸೇರಿದೆ. ಕುಬರ್ನೆಟೀಸ್ ಎಂಬ ದೊಡ್ಡ ಯೋಜನೆಯ ಬರವಣಿಗೆ ನಿಯಮಗಳಲ್ಲಿ, ಓದುವವರಲ್ಲಿ ಕೆಲವರಿಗೆ ಇಂಗ್ಲಿಷ್ ಎರಡನೆಯ ಭಾಷೆ, ಆದ್ದರಿಂದ ನುಡಿಗಟ್ಟು ಬಳಸಬೇಡಿ ಎಂದು ಸ್ಪಷ್ಟವಾಗಿ ಬರೆದಿದ್ದಾರೆ. 'ಅಂಡರ್ ದ ಹುಡ್' ಎನ್ನಬೇಡಿ, 'ಇಂಟರ್ನಲಿ' ಎನ್ನಿ ಎಂಬುದು ಅವರದೇ ಉದಾಹರಣೆ. ಕಾರಿನ ಬಾನೆಟ್ಟಿಗೂ ಕಂಪ್ಯೂಟರಿಗೂ ಏನು ಸಂಬಂಧ ಎಂದು ಕನ್ನಡ ಮಾಧ್ಯಮದಲ್ಲಿ ಓದಿ ಪುಣೆಗೋ ಹೈದರಾಬಾದಿಗೋ ಬಂದ ಹುಡುಗ ಯೋಚಿಸುತ್ತ ಕೂರಬಾರದಲ್ಲ! ಅಂಥ ವಾಕ್ಯದ ಮುಂದೆ ನಿಂತು ಒದ್ದಾಡಿದವರು ನಾವು. ಹಾಗಾಗಿ ಅದನ್ನು ಸರಳ ಮಾಡುವ ಹಕ್ಕೂ ನಮಗೆ ಹೆಚ್ಚು. ಕೋಡ್ ಬಾರದ ಶಿಕ್ಷಕರು, ಪತ್ರಿಕೆಯಲ್ಲಿ ಕರಡು ತಿದ್ದಿದವರು, ಅನುವಾದಕರು, ಎಲ್ಲರಿಗೂ ಇಲ್ಲಿ ಜಾಗವಿದೆ.

ಇಷ್ಟು ಹೇಳಿದ ಮೇಲೆ ಒಂದು ಕಹಿ ಮಾತನ್ನೂ ಹೇಳಬೇಕು. ಈ ಬಾಗಿಲು ಸುಲಭವಾಗಿ ತೆರೆಯುತ್ತದೆ ಎಂಬುದೇ ತೊಂದರೆಯೂ ಆಗಿದೆ. 2020ರ ಹ್ಯಾಕ್ಟೋಬರ್‌ಫೆಸ್ಟ್‌ನಲ್ಲಿ ನಾಲ್ಕು ಪುಲ್ ರಿಕ್ವೆಸ್ಟ್ ಕಳಿಸಿದವರಿಗೆ ಟೀ ಶರ್ಟ್ ಎಂದಿತ್ತು. ಪರಿಚಯ ಪುಟಕ್ಕೆ 'ಅದ್ಭುತ ಯೋಜನೆ' ಎಂಬಂಥ ಪದ ಸೇರಿಸಿದ ತಿದ್ದುಪಡಿಗಳು ಮಳೆಯಂತೆ ಸುರಿದವು. ಆಯೋಜಕರು ಅಕ್ಟೋಬರ್ ಮೊದಲ ವಾರದಲ್ಲೇ ನಿಯಮ ಬದಲಿಸಿ, ಒಪ್ಪಿದ ಯೋಜನೆಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕಾಯಿತು. 2024ರ ಆರಂಭದಲ್ಲಿ ಎಕ್ಸ್‌ಪ್ರೆಸ್ ಎಂಬ ಹೆಸರುವಾಸಿ ಯೋಜನೆಯ ಪರಿಚಯ ಪುಟಕ್ಕೆ ಬರೀ ತಮ್ಮ ಹೆಸರು ಸೇರಿಸುವ ಪುಲ್ ರಿಕ್ವೆಸ್ಟ್‌ಗಳು ರಾಶಿಬಿದ್ದವು. ಪಾಠದ ವಿಡಿಯೊ ಒಂದರಲ್ಲಿ ಉದಾಹರಣೆಗೆಂದು ತೋರಿಸಿದ್ದನ್ನು ನೋಡಿದವರು ಹಾಗೇ ಮಾಡಿದ್ದರು. ಅವರಲ್ಲಿ ನಮ್ಮ ದೇಶದ ವಿದ್ಯಾರ್ಥಿಗಳು ಬಹಳ ಮಂದಿ.

ಮಕ್ಕಳನ್ನು ಬೈದು ಪ್ರಯೋಜನವಿಲ್ಲ. ರೆಸ್ಯೂಮೆಯಲ್ಲಿ ಒಂದು ಸಾಲು ಹೆಚ್ಚಿದ್ದರೆ ಕೆಲಸ ಸಿಗಬಹುದೆಂಬ ಆತಂಕ ಅವರದು, ಮತ್ತು ನಮ್ಮದೂ. ಆದರೆ ಆ ಕಡೆ ಕೂತು ಒಂದೊಂದನ್ನೂ ತೆರೆದು ನೋಡಿ ಮುಚ್ಚುವವರು ಬಹುತೇಕ ಸಂಬಳವಿಲ್ಲದ ಸ್ವಯಂಸೇವಕರು. ಅವರ ಸಂಜೆ ಹಾಳಾಗುತ್ತದೆ. ಅದಕ್ಕಿಂತ ಕೆಟ್ಟದ್ದೆಂದರೆ, ಮುಂದೆ ನಿಜವಾದ ತಿದ್ದುಪಡಿ ಕಳಿಸುವ ಮಗುವನ್ನೂ ಅವರು ಅನುಮಾನದಿಂದ ನೋಡುತ್ತಾರೆ. ಹಾಗಾಗಿ ನಾನು ಮಕ್ಕಳಿಗೆ ಒಂದೇ ಪರೀಕ್ಷೆ ಹೇಳಿಕೊಡುತ್ತೇನೆ: ಈ ತಿದ್ದುಪಡಿಯಿಂದ ಪುಟ ಓದುವ ಅಪರಿಚಿತರಿಗೆ ಏನಾದರೂ ಅನುಕೂಲವಾಯಿತೇ? ಆಗಿಲ್ಲವಾದರೆ ಕಳಿಸಬೇಡ.

ಇನ್ನು ಕನ್ನಡದ ಮಾತು. ಫೈರ್‌ಫಾಕ್ಸ್ ಬ್ರೌಸರ್ ಕನ್ನಡದಲ್ಲಿ ಸಿಗುತ್ತದೆ, ಲಿಬ್ರೆಆಫೀಸ್ ಕೂಡ. ಅವುಗಳ ಮೆನುಗಳನ್ನು ಕನ್ನಡಕ್ಕೆ ತಂದವರು ಸ್ವಯಂಸೇವಕರು. ಆದರೆ ಎಂಡಿಎನ್‌ನ ಅನುವಾದ ಭಾಷೆಗಳ ಪಟ್ಟಿಯಲ್ಲಿ ಜಪಾನಿ, ಕೊರಿಯನ್, ಫ್ರೆಂಚ್, ಸ್ಪ್ಯಾನಿಷ್ ಇವೆ; ಕನ್ನಡವಿಲ್ಲ. ಭಾರತದ ಬೇರೆ ಯಾವ ಭಾಷೆಯೂ ಇಲ್ಲ. ಅಲ್ಲಿ ಒಂದು ಭಾಷೆ ಉಳಿಯಬೇಕೆಂದರೆ, ಪುಟಗಳನ್ನು ಕಾಲಕಾಲಕ್ಕೆ ಹೊಸದಾಗಿಡುವ ಹೊಣೆ ಹೊರುವ ತಂಡ ಬೇಕು. ಒಂದು ದಿನದ ಉತ್ಸಾಹ ಸಾಲದು.

ರಾಜ್ಯೋತ್ಸವಕ್ಕೆ ನಾವು ಹೊರನಾಡಿನಲ್ಲಿ ಬಾವುಟ ಹಾರಿಸುತ್ತೇವೆ, ನಾಟಕ ಆಡುತ್ತೇವೆ. ಅದು ಬೇಕು. ಅದರ ಜೊತೆಗೆ ಐಟಿ ಕೆಲಸದಲ್ಲಿರುವ ನಮ್ಮ ಸಂಘದ ನಾಲ್ಕು ಜನ ತಿಂಗಳಿಗೊಂದು ಸಂಜೆ ಕೂತು, ಕನ್ನಡದ ಒಂದು ಮೆನು, ಒಂದು ಸಹಾಯ ಪುಟ ನೋಡಬಾರದೇ? ಅನುವಾದದಲ್ಲಿ ಅರ್ಥವಾಗದ ಪದವೊಂದು ಕಂಡರೆ ಮನೆಯ ಹಿರಿಯರನ್ನು ಕೇಳಿ ಬದಲಿ ಸೂಚಿಸಬಹುದು. ಅಜ್ಜಿಗೆ ಅರ್ಥವಾಗದ ಕನ್ನಡ ಮೆನುವಿನಲ್ಲಿದ್ದು ಯಾರಿಗೂ ಉಪಯೋಗವಿಲ್ಲ.

ಈ ವಾರ ನೀವು ಬಳಸುವ ಯಾವುದಾದರೂ ಓಪನ್ ಸೋರ್ಸ್ ತಂತ್ರಾಂಶದ ಕೈಪಿಡಿಯಲ್ಲಿ ಒಂದು ಸಾಲು ಅರ್ಥವಾಗದಿದ್ದರೆ, ನನಗೇ ತಿಳಿಯಲಿಲ್ಲ ಎಂದು ಮುಚ್ಚಿಡಬೇಡಿ. ಆ ಸಾಲನ್ನು ಗುರುತು ಹಾಕಿಕೊಳ್ಳಿ. ಅರ್ಥವಾದ ದಿನವೇ, ಮರೆಯುವ ಮೊದಲು, ನಿಮಗೆ ಹೇಗೆ ಹೇಳಿದ್ದರೆ ತಿಳಿಯುತ್ತಿತ್ತೋ ಹಾಗೆ ಬರೆದು ಕಳಿಸಿ. ತಡಮಾಡಿದರೆ ನೀವೂ ಅನುಭವಿಗಳಾಗಿಬಿಡುತ್ತೀರಿ. ಆಮೇಲೆ ಆ ಸಾಲು ನಿಮ್ಮ ಕಣ್ಣಿಗೂ ಬೀಳುವುದಿಲ್ಲ.