ಮನೆವಾರ್ತೆ: ಮಳೆಯ ನಾಡಿನ ಮನೆಯ ಅಂದ

ಮನೆ ಕಟ್ಟಿಸುವ ಗೃಹಸ್ಥರ ಬಾಯಲ್ಲಿ ಈಚೆಗೆ ಎರಡು ಮಾತುಗಳು ಮೇಲಿಂದ ಮೇಲೆ ಕೇಳಿಬರುತ್ತಿರುವುವು. ಮನೆಯು ಸಂಪ್ರದಾಯದ ಮನೆಯಂತೆ ಕಾಣಬೇಕೆಂಬುದು ಒಂದು. ಅದು ಪರಿಸರಕ್ಕೆ ಹೊರೆಯಾಗಬಾರದೆಂಬುದು ಮತ್ತೊಂದು. ಎರಡೂ ಒಳ್ಳೆಯ ಮಾತುಗಳೇ ಸರಿ. ಆದರೆ ಗೃಹಪ್ರವೇಶದ ದಿನ ಹೋಗಿ ನೋಡಿದರೆ, ಬಾಗಿಲ ಬಳಿ ಒಂದು ಹಿತ್ತಾಳೆಯ ದೀಪ, ನಡುಮನೆಯಲ್ಲಿ ಎಲ್ಲಿಂದಲೋ ಕೊಂಡುತಂದ ಒಂದು ಹಳೆಯ ಕಂಬ, ಗೋಡೆಯ ಮೇಲೆ ಅಚ್ಚುಹಾಕಿಸಿ ಅಂಟಿಸಿದ ಒಂದು ಚಿತ್ತಾರ, ಇಷ್ಟರಲ್ಲಿಯೇ ಸಂಪ್ರದಾಯವು ಮುಗಿದುಹೋಗಿರುವುದು. ಮನೆಯ ಉಳಿದ ಭಾಗವೆಲ್ಲ ಯಾವ ಊರಿನಲ್ಲಾದರೂ ಇರಬಹುದಾದದ್ದು. ಹಳೆಯ ಮನೆಗಳ ಅಂದವು ಎಲ್ಲಿಂದ ಹುಟ್ಟಿತೆಂಬುದನ್ನು ತಿಳಿಯದೆ ಅದನ್ನು ಕೊಂಡುತರುವುದು ಸಾಧ್ಯವೆ? ಈ ತಿಂಗಳು ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯ ಮನೆಗಳನ್ನು ಮುಂದಿಟ್ಟುಕೊಂಡು ಈ ಪ್ರಶ್ನೆಯನ್ನು ವಿಚಾರಿಸಬೇಕೆಂದಿರುವೆವು.

ಈ ಮೂರು ತಾಲ್ಲೂಕುಗಳೂ ಶಿವಮೊಗ್ಗ ಜಿಲ್ಲೆಯಲ್ಲಿ ಸಹ್ಯಾದ್ರಿಯ ಮಗ್ಗುಲಿಗೆ ಹೊಂದಿಕೊಂಡಿರುವುವು. ತೀರ್ಥಹಳ್ಳಿ ತಾಲ್ಲೂಕಿನ ಆಗುಂಬೆಯಲ್ಲಿ ವರ್ಷಕ್ಕೆ ಸರಾಸರಿ ೭೦೦೦ ಮಿಲಿಮೀಟರಿಗೂ ಮೀರಿದ ಮಳೆ ಬೀಳುವುದು. ಹಳೆಯ ಲೆಕ್ಕದಲ್ಲಿ ಹೇಳುವುದಾದರೆ ೨೭೫ ಅಂಗುಲಕ್ಕೂ ಹೆಚ್ಚು. ಘಟ್ಟದ ಅಂಚಿನಿಂದ ಮೂಡಲಿಗೆ ಸರಿದಂತೆ ಮಳೆಯು ಬೇಗನೆ ಇಳಿಯುವುದಾದರೂ, ಜೂನ್ ಮೊದಲುಗೊಂಡು ನಾಲ್ಕು ತಿಂಗಳು ಇಲ್ಲಿಯ ಗೃಹಿಣಿಯರಿಗೆ ಮಳೆಯೊಡನೆಯೇ ಸಂಸಾರ. ಬಟ್ಟೆ ಒಣಗಬೇಕು, ಸೌದೆ ಒಣಗಿರಬೇಕು, ಅಡಿಕೆಗೆ ಬೂಸಲು ಹಿಡಿಯಬಾರದು, ದನಕರುಗಳಿಗೆ ಥಂಡಿ ತಗಲಬಾರದು. ಮಲೆನಾಡಿನ ಮನೆಯೆಂಬುದು ಈ ಅಗತ್ಯಗಳಿಗೆಲ್ಲ ಹಿರಿಯರು ಕಂಡುಕೊಂಡ ಉತ್ತರ. ಅದನ್ನು ಕಟ್ಟುವಾಗ ಅಂದವನ್ನು ಕುರಿತು ಅವರು ಬೇರೆಯಾಗಿ ಯೋಚಿಸಿದಂತೆ ತೋರುವುದಿಲ್ಲ.

ಮೊದಲು ಮಾಡನ್ನು ನೋಡಿರಿ. ನೀರು ನಿಲ್ಲದಂತೆ ಕಡಿದಾದ ಇಳಿಜಾರು. ಸೂರು ಗೋಡೆಯನ್ನು ದಾಟಿ ಬಹು ದೂರ ಮುಂದಕ್ಕೆ ಚಾಚಿ ತಗ್ಗಾಗಿ ಬಾಗಿರುವುದು. ದೂರದಿಂದ ನೋಡುವವರಿಗೆ ಆ ತಗ್ಗಾದ ಸೂರೇ ಮನೆಗೆ ಒಂದು ಗಾಂಭೀರ್ಯವನ್ನು ಕೊಟ್ಟಂತೆ ಕಾಣುವುದು. ಅದು ಹಾಗೆ ಬಾಗಿರುವುದಾದರೋ ಮಣ್ಣಿನ ಗೋಡೆಗೆ ಇರಚಲು ಬಡಿಯದಿರಲೆಂದು. ಸೂರಿನ ನೆರಳಿನಲ್ಲಿ ಜಗಲಿ. ಜಗಲಿಯಲ್ಲಿ ಬಂದವರು ಕುಳಿತುಕೊಳ್ಳಲು ಎತ್ತರಿಸಿ ಕಟ್ಟಿದ ಚಿಟ್ಟೆ. ನೆನೆದು ಬಂದವನು ಒಳಮನೆಯನ್ನು ಒದ್ದೆಮಾಡದೆ ಕಂಬಳಿ ಕೊಡವಿ ಕೂರುವ ಸ್ಥಳವದು. ಒಳಗೆ ತೊಟ್ಟಿ ಅಥವಾ ಒಳಅಂಗಳ. ಮನೆಯ ನಡುವಿಗೆ ಬೆಳಕು ಗಾಳಿಗಳು ಬರುವ ದಾರಿ. ಮೇಲೆ ಅಟ್ಟ, ಅಡಿಗೆಮನೆಯ ಬಿಸಿಯೂ ಹೊಗೆಯೂ ಏರಿ ಅಲ್ಲಿಟ್ಟ ಧಾನ್ಯವನ್ನು ಬೆಚ್ಚಗೆ ಕಾಯುವ ಉಗ್ರಾಣ. ಮಳೆಗಾಲ ಹಿಡಿಯುವ ಮೊದಲು ಗಾಳಿ ಬೀಸುವ ದಿಕ್ಕಿಗೆ ಅಡಿಕೆಯ ಸೋಗೆಯಿಂದ ಹೆಣೆದ ತಟ್ಟಿಗಳನ್ನು ಕಟ್ಟಿ, ಮಳೆ ಹೋದ ಮೇಲೆ ಬಿಚ್ಚುವರು. ಹೀಗೆ ಮನೆಯೂ ಋತುವಿಗೆ ತಕ್ಕಂತೆ ಹೊದಿಕೆ ಹೊದ್ದು ತೆಗೆಯುತ್ತಿದ್ದಿತು.

ಸಾಮಗ್ರಿಯಾದರೋ ಕೂಗಳತೆಯಲ್ಲಿ ದೊರೆತದ್ದು. ತಳಕ್ಕೆ ಕಲ್ಲು, ಗೋಡೆಗೆ ಮಣ್ಣು ಅಥವಾ ಜಂಬಿಟ್ಟಿಗೆ, ಮುಂಡಿಗೆ ತೊಲೆಗಳಿಗೆ ಕಾಡಿನ ಮರ, ಹೊದಿಕೆಗೆ ಹುಲ್ಲು, ಸೋಗೆ, ಇಲ್ಲವೆ ಕುಂಬಾರನ ನಾಡಹೆಂಚು. ಜಂಬಿಟ್ಟಿಗೆಯು ನೆಲದಲ್ಲಿರುವಾಗ ಮೃದುವಾಗಿದ್ದು, ಕಡಿದು ಗಾಳಿಗೆ ಒಡ್ಡಿದಂತೆ ಗಟ್ಟಿಯಾಗುವ ಕಲ್ಲು. ೧೮೦೭ರಲ್ಲಿ ತನ್ನ ಪ್ರವಾಸದ ಗ್ರಂಥವನ್ನು ಪ್ರಕಟಿಸಿದ ಫ್ರಾನ್ಸಿಸ್ ಬುಕಾನನ್ ಎಂಬ ವೈದ್ಯನು ಇಟ್ಟಿಗೆಯೆಂಬ ಅರ್ಥದ ಲ್ಯಾಟಿನ್ ಶಬ್ದದಿಂದ ಅದಕ್ಕೆ ಲ್ಯಾಟರೈಟ್ ಎಂದು ಹೆಸರಿಟ್ಟನು. ನಮ್ಮವರು ಕಲ್ಲಿಗೆ ಇಟ್ಟಿಗೆಯ ಹೆಸರನ್ನೇ ಇಟ್ಟುಕೊಂಡಿರುವುದು ಗಮನಿಸತಕ್ಕದ್ದು. ೧೮೬೫ರಲ್ಲಿ ಬಾಸೆಲ್ ಮಿಷನ್ನಿನ ಜಾರ್ಜ್ ಪ್ಲೆಬ್ಸ್ಟ್ ಎಂಬವನು ಮಂಗಳೂರಿನಲ್ಲಿ ಹೆಂಚಿನ ಕಾರ್ಖಾನೆಯನ್ನು ಸ್ಥಾಪಿಸಿದ ಮೇಲೆ, ಆ ಹೆಂಚು ಕ್ರಮೇಣ ಘಟ್ಟವನ್ನು ಹತ್ತಿ ಬಂದು ಮಲೆನಾಡಿನ ಸ್ವಂತ ವಸ್ತುವೇ ಆಯಿತು. ಹೊಸದು ಉಪಯುಕ್ತವಾದರೆ ಸಂಪ್ರದಾಯವು ಅದನ್ನು ಒಳಕ್ಕೆ ಕರೆದುಕೊಳ್ಳುವುದೆಂಬುದಕ್ಕೆ ಇದಕ್ಕಿಂತ ಬೇರೆ ನಿದರ್ಶನ ಬೇಡ.

ಇಂತಹ ಮನೆಯ ದೊಡ್ಡ ರೂಪವನ್ನು ಕಣ್ಣಾರೆ ನೋಡಬಯಸುವವರು ತೀರ್ಥಹಳ್ಳಿ ತಾಲ್ಲೂಕಿನ ಕುಪ್ಪಳಿಗೆ ಹೋಗಬಹುದು. ಕವಿ ಕುವೆಂಪು ಅವರು ಬಾಲ್ಯವನ್ನು ಕಳೆದ ಮನೆಯನ್ನು ಅಲ್ಲಿ ಸ್ಮಾರಕವಾಗಿ ಕಾಪಾಡಿರುವರು. ಕವಿಯ ನೆನಪಿಗಾಗಿ ಹೋದವರು ಒಂದು ಗಳಿಗೆ ಮನೆಗಾಗಿಯೂ ನಿಲ್ಲಲಿ. ಒಳಅಂಗಳಕ್ಕೆ ಬಿದ್ದ ಬೆಳಕು ಸುತ್ತಲಿನ ಜಗಲಿಗೆ ಹರಡುವ ಬಗೆಯನ್ನು, ಕಂಬಗಳು ಮೇಲಿನ ಅಂತಸ್ತುಗಳ ಭಾರವನ್ನು ಹೊತ್ತಿರುವ ಬಗೆಯನ್ನು ನೋಡಲಿ. ಕಂಬದ ಕೆತ್ತನೆಯು ಕಣ್ಣಿಗೆ ಬೀಳುವುದು ಆ ಮೇಲೆ.

ಆದರೆ ಹಳೆಯದೆಂಬ ಮಾತ್ರಕ್ಕೆ ಎಲ್ಲವನ್ನೂ ಹೊಗಳುವುದು ನ್ಯಾಯವಲ್ಲ. ಒಳಕೋಣೆಗಳಲ್ಲಿ ಹಗಲಿನಲ್ಲಿಯೂ ಕತ್ತಲೆ; ಅಡಿಗೆಮನೆಯ ಹೊಗೆಯು ಧಾನ್ಯಕ್ಕೆ ಒಳ್ಳೆಯದಾದರೂ ಹೆಂಗಸರ ಕಣ್ಣಿಗೂ ಶ್ವಾಸಕೋಶಕ್ಕೂ ಕೆಟ್ಟದು. ಜಗಲಿಯ ಗಾಳಿ ಬೆಳಕುಗಳು ಗಂಡಸರ ಪಾಲಿಗೂ, ಒಳಮನೆಯ ಮಬ್ಬು ಹೆಂಗಸರ ಪಾಲಿಗೂ ಬಂದಿದ್ದುದನ್ನು ಮರೆಯಬಾರದು. ಯಾರು ಜಗಲಿಯ ಮೇಲಕ್ಕೆ ಬರಬಹುದು, ಯಾರು ಅಂಗಳದಲ್ಲಿಯೇ ನಿಲ್ಲಬೇಕೆಂಬ ಜಾತಿಯ ಗೆರೆಯೂ ಆ ಮೆಟ್ಟಿಲುಗಳ ಮೇಲೆ ಎಳೆದಿದ್ದಿತು. ನೆಲವನ್ನು ಸಗಣಿಯಿಂದ ಸಾರಿಸುವ ಕೆಲಸ ತಪ್ಪದೆ ಯಾರ ಕೈಗೆ ಬೀಳುತ್ತಿದ್ದಿತೆಂಬುದನ್ನು ಹೇಳಬೇಕಾಗಿಲ್ಲ. ಗೆದ್ದಲಿನ ಉಪದ್ರವ, ವರ್ಷವರ್ಷವೂ ಹೆಂಚನ್ನು ಸರಿಪಡಿಸುವ ಕಷ್ಟ, ಈಗಲಾದರೆ ಆಳಿನ ಅಭಾವ, ಮೇಲಾಗಿ ಹೆಂಚುಗಳನ್ನು ಪುಡಿಮಾಡುವ ಮಂಗಗಳ ಕಾಟ, ಇವುಗಳಿಗೆ ಬೇಸತ್ತು ತಾರಸಿಯ ಮನೆ ಕಟ್ಟಿಸಿಕೊಂಡವರನ್ನು ನಾವು ದೂರಲಾರೆವು.

ಹಾಗೆ ಕಟ್ಟಿಸಿಕೊಂಡ ಮೇಲೆ ಆಗುತ್ತಿರುವುದೇನು? ಸಾಗರದಿಂದ ಹೊಸನಗರದ ಕಡೆಗೆ ರಸ್ತೆಯ ಎರಡು ಮಗ್ಗುಲನ್ನೂ ನೋಡುತ್ತ ಹೋದರೆ ತಿಳಿಯುವುದು. ಚಪ್ಪಟೆ ತಾರಸಿಯ ಮೇಲೆ ಕಬ್ಬಿಣದ ಕಂಬಗಳನ್ನು ನಿಲ್ಲಿಸಿ, ಅದರ ಮೇಲೆ ತಗಡಿನ ಇಳಿಜಾರು ಮಾಡನ್ನು ಹೊದಿಸಿದ ಮನೆಗಳು ಒಂದರ ಹಿಂದೊಂದು ಕಾಣುವುವು. ಪಟ್ಟಣದ ಮನೆಯ ಆಕಾರವನ್ನು ಮೆಚ್ಚಿ ಕಟ್ಟಿಸಿದ ತಾರಸಿಯು ಕೆಲವು ಮಳೆಗಾಲಗಳಲ್ಲಿ ಜಿನುಗತೊಡಗಲು, ಯಜಮಾನನು ಎರಡನೆಯ ಮಾಡಿಗೆ ಹಣವನ್ನು ಹೊಂದಿಸಬೇಕಾಯಿತು. ಹಿರಿಯರ ಇಳಿಜಾರು ಹೀಗೆ ಮರಳಿ ಬಂದಿತು. ಆದರೆ ಇಮ್ಮಡಿ ಖರ್ಚಿನಲ್ಲಿ, ಅಂದವನ್ನು ಕಳೆದುಕೊಂಡು, ಮಳೆ ಬಿದ್ದಾಗ ಮಾತು ಕೇಳಿಸದಷ್ಟು ಸದ್ದು ಮಾಡುತ್ತ ಬಂದಿತು. ಆದುದರಿಂದ ಇಲ್ಲಿ ಮನೆ ಕಟ್ಟಿಸುವವರಿಗೆ ನಮ್ಮ ಮೊದಲ ಸೂಚನೆಯಿದು: ನಕ್ಷೆ ಬರೆಯಿಸುವಾಗಲೇ ಮಾಡನ್ನು ಇಳಿಜಾರಾಗಿ ನಿಶ್ಚಯಿಸಿರಿ. ಸೂರು ಗೋಡೆಯಿಂದ ಮೂರು ಅಡಿಯಾದರೂ ಹೊರಕ್ಕೆ ಚಾಚಲಿ. ಪಂಚಾಂಗವನ್ನು ಕಲ್ಲಿನಿಂದ ನೆಲಮಟ್ಟಕ್ಕೆ ಎರಡು ಅಡಿ ಮೇಲಕ್ಕೆ ಏರಿಸಿರಿ. ಕತ್ತಲೆಯಾಗುವ ಕೋಣೆಗಳಿಗೆ ಗಾಜಿನ ಹೆಂಚುಗಳನ್ನು ಹಾಕಿಸಿರಿ. ಅಡಿಗೆಮನೆಗೆ ಮನೆಯ ಅತ್ಯುತ್ತಮವಾದ ಕಿಟಕಿಯನ್ನು ಕೊಡಿರಿ. ಅಲ್ಲಿ ದುಡಿಯುವವರನ್ನು ಕೇಳಿ ಅದರ ಸ್ಥಳವನ್ನು ಗೊತ್ತುಮಾಡಿರಿ.

ಸಾಮಗ್ರಿಯ ವಿಷಯದಲ್ಲಿ ಇಂದು ಹಿರಿಯರನ್ನು ಅಕ್ಷರಶಃ ಅನುಸರಿಸುವುದು ಸಾಧ್ಯವಿಲ್ಲ, ಉಚಿತವೂ ಅಲ್ಲ. ಅವರು ಕಾಡಿನಿಂದ ತಂದಷ್ಟು ಮರವನ್ನು ಇಂದು ಪ್ರತಿಯೊಂದು ಮನೆಗೂ ತರುವುದಾದರೆ ಕಾಡೇ ಉಳಿಯದು. ೧೯೭೬ರ ಕರ್ನಾಟಕ ವೃಕ್ಷ ಸಂರಕ್ಷಣಾ ಕಾಯಿದೆಯು ಮರ ಕಡಿಯುವುದಕ್ಕೆ ಅಪ್ಪಣೆ ಬೇಕೆಂದು ವಿಧಿಸಿರುವುದು ಸಕಾರಣವಾದದ್ದು. ಜಂಬಿಟ್ಟಿಗೆಯೂ ಅಷ್ಟೇ. ಲಂಗುಲಗಾಮಿಲ್ಲದೆ ಕಡಿದು ಬಿಟ್ಟುಹೋದ ಹೊಂಡಗಳು ಮಳೆಗಾಲದಲ್ಲಿ ತುಂಬಿ ಮಕ್ಕಳಿಗೂ ದನಗಳಿಗೂ ಅಪಾಯವಾಗಿ ಉಳಿಯುವುವು. ಊರಿನ ವಸ್ತುವೆಂದ ಮಾತ್ರಕ್ಕೆ ಅದು ನಿರ್ದೋಷವೆಂದು ತಿಳಿಯಕೂಡದು. ಅಪ್ಪಣೆಯಿರುವ ಕ್ವಾರಿಯ ಕಲ್ಲನ್ನೇ ಕೇಳಿ ತರಿಸಬೇಕು.

ಆದರ್ಶ ಗ್ರಾಮದ ಮನೆಗೆ ಬೇಕಾದುದೆಲ್ಲವೂ ಐದು ಮೈಲಿಯ ಸುತ್ತಿನಲ್ಲಿಯೇ ದೊರೆಯತಕ್ಕದ್ದೆಂಬ ಗಾಂಧೀಜಿಯವರ ವಿಚಾರವನ್ನು ಮನಸ್ಸಿಗೆ ತೆಗೆದುಕೊಂಡು, ಲಾರಿ ಬೇಕರ್ ಎಂಬ ಇಂಗ್ಲಿಷ್ ವಾಸ್ತುಶಿಲ್ಪಿಯು ಕೇರಳದಲ್ಲಿ ಬಹುಕಾಲ ನೆಲಸಿ, ೨೦೦೭ರಲ್ಲಿ ತೀರಿಕೊಳ್ಳುವವರೆಗೂ ಕಡಮೆ ವೆಚ್ಚದ ಮನೆಗಳನ್ನು ಕಟ್ಟಿದನು. ಅಲ್ಲಿಯೂ ನಮ್ಮಲ್ಲಿಯಂತೆಯೇ ಮಳೆ. ತಾರಸಿ ಬೇಕೇಬೇಕೆನ್ನುವವರು ಅವನು ಬಳಕೆಗೆ ತಂದ ಉಪಾಯವನ್ನು ಮಾಡಬಹುದು: ಕಾಂಕ್ರೀಟಿನ ನಡುನಡುವೆ ಹಳೆಯ ಹೆಂಚುಗಳನ್ನು ಹುದುಗಿಸಿದರೆ ಸಿಮೆಂಟು ಉಳಿಯುವುದು, ಭಾರವೂ ತಗ್ಗುವುದು. ನಮ್ಮ ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ೧೯೭೪ರಲ್ಲಿ ಆರಂಭವಾದ ‘ಅಸ್ತ್ರ’ ಕೇಂದ್ರವು ಮಣ್ಣಿನ ಗೋಡೆಯ ಪ್ರಶ್ನೆಯನ್ನೇ ಕೈಗೆತ್ತಿಕೊಂಡಿತು. ಹದವಾದ ಮಣ್ಣಿಗೆ ನೂರಕ್ಕೆ ೫ರಿಂದ ೮ ಭಾಗದಷ್ಟು ಸಿಮೆಂಟನ್ನು ಬೆರೆಸಿ, ಯಂತ್ರದಲ್ಲಿ ಒತ್ತಿ, ಮೂರು ವಾರ ನೀರುಣಿಸಿದರೆ ಗಟ್ಟಿಯಾದ ಇಟ್ಟಿಗೆಯಾಗುವುದು. ಅದನ್ನು ಸುಡಬೇಕಾಗಿಲ್ಲವಾದುದರಿಂದ ಸೌದೆ ಉಳಿಯಿತು. ಚಾಚಿದ ಸೂರೂ ಎತ್ತರದ ಪಂಚಾಂಗವೂ ಇದ್ದರೆ ಅದು ಮಳೆಯ ಸೀಮೆಯಲ್ಲಿಯೂ ಬಾಳುವುದು. ಅವೆರಡೂ ಇಲ್ಲದಿದ್ದರೆ ಬಾಳದು. ಮಲೆನಾಡಿನ ಅನೇಕ ಅಡಿಗೆಮನೆಗಳನ್ನು ಹೊಗೆಯಿಂದ ಬಿಡಿಸಿದ ಅಸ್ತ್ರ ಒಲೆಯೂ ಅದೇ ಕೇಂದ್ರದ ಕೊಡುಗೆಯೆಂಬುದನ್ನು ಗೃಹಿಣಿಯರು ಬಲ್ಲರು.

ಮನೆಯ ಅಂಗಗಳು ಹೀಗೆ ಸರಿಯಾದ ಮೇಲೆ ಅಲಂಕಾರದ ಮಾತು. ನೆಲಕ್ಕೆ ಕಾವಿಯ ಗಾರೆಯನ್ನು ಹಾಕಿಸಬಹುದು. ನುರಿತ ಕೈಯಿಂದ ತಿಕ್ಕಿಸಿದ ಆ ನೆಲವು ದಿನದಿನದ ಒರಸುವಿಕೆಯಿಂದಲೇ ಹೊಳಪೇರುತ್ತ ಹೋಗುವುದು. ಆ ಕೆಲಸ ಬಲ್ಲವರು ವಿರಳರಾಗುತ್ತಿರುವರಾದುದರಿಂದ, ಮೊದಲು ಅವರು ಹಾಕಿದ ಬೇರೊಂದು ನೆಲವನ್ನು ನೋಡಿಬಂದು ಒಪ್ಪಿಸುವುದು ಲೇಸು. ಕಿಟಕಿಯ ಪರದೆಗೂ ಹಾಸುಹೊದಿಕೆಗೂ ಕೈಮಗ್ಗದ ಬಟ್ಟೆ ಒಪ್ಪುವುದು. ಸಾಗರದ ಬಳಿಯ ಹೆಗ್ಗೋಡಿನ ಪರಿಸರದಲ್ಲಿ ಕೆಲಸ ಮಾಡಿದ ‘ಚರಕ’ದ ಹೆಣ್ಣುಮಕ್ಕಳು, ಅಡಿಕೆ ಬೇಯಿಸಿದ ಚೊಗರಿನಿಂದಲೇ ನೂಲಿಗೆ ಬಣ್ಣ ಕಟ್ಟಬಹುದೆಂದು ನಾಡಿಗೆ ತೋರಿಸಿಕೊಟ್ಟರು. ಸಾಗರ ಸೊರಬಗಳ ಗುಡಿಗಾರರ ಕೆತ್ತನೆಯು ಜಗತ್ಪ್ರಸಿದ್ಧವಾದದ್ದು. ಶಕ್ತಿಯಿದ್ದವರು ಹತ್ತು ಅಗ್ಗದ ಬೊಂಬೆಗಳ ಬದಲು ಅವರ ಕೈಯ ಒಂದೇ ಒಂದನ್ನು ತಂದು, ಬೆಳಕು ಬೀಳುವ ಗೂಡಿನಲ್ಲಿ ಇಡಲಿ.

ಗೋಡೆಯ ಚಿತ್ತಾರದ ಮಾತು ಬೇರೆ. ಇದು ಈ ಸೀಮೆಯ ದೀವರ ಮನೆಯ ಹೆಂಗಸರು ತಲೆಮಾರುಗಳಿಂದ ಉಳಿಸಿಕೊಂಡು ಬಂದ ವಿದ್ಯೆ. ಕೆಮ್ಮಣ್ಣು ಬಳಿದ ಗೋಡೆಯ ಮೇಲೆ ಅಕ್ಕಿಹಿಟ್ಟಿನ ಬಿಳಿ, ಹುರಿದು ಕರಿಗೊಳಿಸಿದ ಅಕ್ಕಿಯ ಕಪ್ಪು, ಗುರಿಗೆ ಕಾಯಿಯ ಹಳದಿ. ಕುಂಚವು ಪುಂಡಿಯ ನಾರು. ಮದುವೆಯಲ್ಲಿ ವಧೂವರರನ್ನು ಕೂರಿಸುವ ಹಸೆಗೋಡೆಗೆ ಮದುಮಕ್ಕಳು, ದಂಡಿಗೆ, ತೇರು, ಹಕ್ಕಿ, ಭತ್ತದ ಪೈರುಗಳನ್ನು ಗೆರೆಗೆರೆಯಾಗಿ ಬರೆಯುವರು. ಆಶ್ವಯುಜದ ಭೂಮಿಹುಣ್ಣಿಮೆಗೆ ಹೊಲಕ್ಕೆ ಎಡೆ ಒಯ್ಯುವ ಭೂಮಣ್ಣಿ ಬುಟ್ಟಿಯ ಮೇಲೂ ಇದೇ ಚಿತ್ತಾರ ಮೂಡುವುದು. ಇದನ್ನು ಕಾಗದದ ಮೇಲೆ ಅಚ್ಚುಹಾಕಿಸಿ ಗೋಡೆಗೆ ಅಂಟಿಸುವವರು ಚಿತ್ರವನ್ನು ಪಡೆದರೂ ಬರೆಯುವವರನ್ನು ಕಳೆದುಕೊಳ್ಳುವರು. ಬಲ್ಲ ಹೆಂಗಸರನ್ನು ಗೌರವದಿಂದ ಕರೆಯಿಸಿ, ತಕ್ಕ ಸಂಭಾವನೆಯನ್ನು ಮೊದಲೇ ಮಾತಾಡಿ, ಮನೆಯ ಒಂದು ಗೋಡೆಯನ್ನು ಅವರಿಗೆ ಬಿಟ್ಟುಕೊಡಿರಿ. ಮನೆಯ ಹುಡುಗಿಯರೂ ಹುಡುಗರೂ ಬಳಿಯಲ್ಲಿ ಕುಳಿತು ನೋಡಲಿ.

ಕಡೆಯದಾಗಿ, ಹಳೆಯ ಮನೆಯೊಂದು ಈಗಾಗಲೇ ಕೈಯಲ್ಲಿರುವವರಿಗೆ ಎರಡು ಮಾತು. ೧೯೬೪ರಲ್ಲಿ ಲಿಂಗನಮಕ್ಕಿಯ ಅಣೆಕಟ್ಟು ಮುಗಿದು ಶರಾವತಿಯ ನೀರು ನಿಂತಾಗ, ಸಾಗರ ಹೊಸನಗರ ತಾಲ್ಲೂಕುಗಳ ಹಳ್ಳಿಹಳ್ಳಿಗಳೇ ಮುಳುಗಿದುವು. ಆ ಮನೆಗಳನ್ನು ಉಳಿಸಿಕೊಳ್ಳುವುದು ಅವರ ಕೈಯಲ್ಲಿರಲಿಲ್ಲ. ಇಂದು ಹಿಸ್ಸೆಯ ದೆಸೆಯಿಂದಲೋ, ಮಕ್ಕಳು ಬೆಂಗಳೂರು ಸೇರಿ ವೃದ್ಧರಿಬ್ಬರೇ ಉಳಿದುದರಿಂದಲೋ ಬೀಳುತ್ತಿರುವ ಮನೆಗಳ ಪಾಡು ಹಾಗಲ್ಲ. ವ್ಯಾಪಾರಿಯು ಬಂದು ಮುಂಡಿಗೆಗೂ ಬಾಗಿಲವಾಡಕ್ಕೂ ಬೆಲೆ ಕಟ್ಟುವನು. ಕೆಲವು ದಿನಗಳಲ್ಲಿ ಅವು ಯಾವುದೋ ಪಟ್ಟಣದ ಭೋಜನಶಾಲೆಯಲ್ಲಿ ಏನನ್ನೂ ಹೊರದೆ ನಿಂತಿರುವುವು. ದೊಡ್ಡ ಮನೆಯನ್ನು ಪೂರ್ತಿಯಾಗಿ ನಡೆಸಲಾರದವರು ಒಂದು ಅಂಕಣವನ್ನಾದರೂ ಉಳಿಸಿಕೊಂಡು, ಮಾಡನ್ನು ಭದ್ರಪಡಿಸಿ, ಬಚ್ಚಲು ಶೌಚಗಳನ್ನು ಹೊಸದಾಗಿ ಮಾಡಿಸಿ, ಗಾಜಿನ ಹೆಂಚಿನಿಂದ ಬೆಳಕು ತಂದುಕೊಂಡರೆ, ವೃದ್ಧರಿಗೆ ಸೌಕರ್ಯವಾಗುವುದು. ಕೆಡವಲೇಬೇಕಾದರೆ ಆ ಮರವು ಅದೇ ಮನೆತನದ ಹೊಸ ಮನೆಯಲ್ಲಿ ಭಾರ ಹೊರಲಿ. ಹೊಸದಾಗಿ ಮರ ಕಡಿಯುವುದೂ ತಪ್ಪಿತು.

ನಿವೇಶನವು ಗೊತ್ತಾದೊಡನೆಯೇ ಕಟ್ಟಲು ಆತುರಪಡುವವರು ಸಾಧ್ಯವಾದರೆ ಒಂದು ಮಳೆಗಾಲವನ್ನು ಕಳೆಯಲಿ. ಆಷಾಢದಲ್ಲಿ ಒಂದು ದಿನ ಕೊಡೆ ಹಿಡಿದು ಅಲ್ಲಿ ನಿಂತು, ನೀರು ಎತ್ತ ಹರಿಯುವುದು, ಗಾಳಿ ಯಾವ ಕಡೆಯಿಂದ ಇರಚಲನ್ನು ತರುವುದು, ಬೆಳಕು ಎಲ್ಲಿಂದ ಬರುವುದೆಂಬುದನ್ನು ನೋಡಿಕೊಂಡು ಗುರುತು ಹಾಕಲಿ. ಸೂರಿನ ಉದ್ದ, ಜಗಲಿಯ ಮುಖ, ಕಿಟಕಿಯ ಸ್ಥಳ, ಈ ಮೂರೂ ಆ ದಿನವೇ ಬಹುಮಟ್ಟಿಗೆ ತೀರ್ಮಾನವಾಗುವುವು. ಉಳಿದುದನ್ನು ಇಂಜಿನಿಯರರೊಡನೆ ಕುಳಿತು ಮಾತಾಡಬಹುದು.