ಕಾಮಾಲೆಯ ಮೂಲ ತಾಲ್ಲೂಕಿನಲ್ಲೇ ಗೊತ್ತಾಗಲಿ

ಅಪರೂಪದ ಕಾಯಿಲೆಗಳ ರಾಷ್ಟ್ರೀಯ ನೀತಿ 2021ರಲ್ಲಿ ಜಾರಿಗೆ ಬಂದು, ಬೆಂಗಳೂರಿನ ಮಾನವ ತಳಿವಿಜ್ಞಾನ ಕೇಂದ್ರ ಹಾಗೂ ಇಂದಿರಾ ಗಾಂಧಿ ಮಕ್ಕಳ ಆರೋಗ್ಯ ಸಂಸ್ಥೆಗೆ ಅದರಡಿ ಉತ್ಕೃಷ್ಟತಾ ಕೇಂದ್ರದ ಮಾನ್ಯತೆ ದೊರೆತಿದ್ದರೂ, ದಾವಣಗೆರೆ ಜಿಲ್ಲೆಯ ಜಗಳೂರಿನಂಥ ತಾಲ್ಲೂಕಿನ ಮಗು ಅಲ್ಲಿಗೆ ತಲುಪುವುದು ಸ್ಥಳೀಯ ವೈದ್ಯರಲ್ಲಿ ಅಂಥ ಕಾಯಿಲೆಯ ಸಂಶಯ ಮೂಡಿದಾಗ ಮಾತ್ರ. ಕಾಮಾಲೆಯನ್ನೇ ನೋಡಿ. ಕೆಂಪು ರಕ್ತಕಣಗಳು ಒಡೆದಾಗ ಹುಟ್ಟುವ ಬಿಲಿರುಬಿನ್ ಎಂಬ ಹಳದಿ ವಸ್ತುವನ್ನು ನೀರಿನಲ್ಲಿ ಕರಗುವಂತೆ ಮಾಡುವ ಯಕೃತ್ತಿನ ಕಿಣ್ವವು ಆನುವಂಶಿಕವಾಗಿ ಮಂದವಾಗಿದ್ದರೆ ಅದು ಗಿಲ್ಬರ್ಟ್ ಸಿಂಡ್ರೋಮ್. ಇದಕ್ಕೆ ಚಿಕಿತ್ಸೆಯೇ ಬೇಡ. ಅದೇ ಕಿಣ್ವದ ಕೆಲಸ ಪೂರ್ತಿ ನಿಂತಿದ್ದರೆ ಅದು ಕ್ರಿಗ್ಲರ್–ನಜ್ಜಾರ್ ಕಾಯಿಲೆಯ ಮೊದಲ ಬಗೆ. ನಿತ್ಯ ಹತ್ತು–ಹನ್ನೆರಡು ಗಂಟೆ ನೀಲಿ ಬೆಳಕಿನ ಚಿಕಿತ್ಸೆ ಸಿಗದಿದ್ದರೆ ಶಿಶುವಿನ ಮಿದುಳಿಗೆ ಶಾಶ್ವತ ಹಾನಿಯಾಗುತ್ತದೆ.

ಎರಡೂ ಹೊರಗೆ ಕಾಣುವುದು ಕಣ್ಣಿನ ಹಳದಿಯಾಗಿಯೇ. ಮೂಲ ತಿಳಿಯದ ಕಾಮಾಲೆಗೆ ನಾಟಿ ಔಷಧಿ ಮತ್ತು ಕಟ್ಟುನಿಟ್ಟಿನ ಪಥ್ಯ ಶುರುವಾಗುತ್ತವೆ. ಆದರೆ ಉಪವಾಸದಿಂದ ಗಿಲ್ಬರ್ಟ್ ಇರುವವರ ಬಿಲಿರುಬಿನ್ ಇನ್ನಷ್ಟು ಏರುವುದರಿಂದ, ಆರೋಗ್ಯವಂತ ಯುವಕನೊಬ್ಬ ವರ್ಷಗಟ್ಟಲೆ ರೋಗಿಯೆನಿಸಿಕೊಳ್ಳುತ್ತಾನೆ. ಕ್ರಿಗ್ಲರ್–ನಜ್ಜಾರ್ ಬರುವುದು ತಂದೆ ತಾಯಿ ಇಬ್ಬರಿಂದಲೂ ದೋಷವುಳ್ಳ ಜೀನ್ ದೊರೆತಾಗ. ಸೋದರ ಸಂಬಂಧದ ಮದುವೆ ರೂಢಿಯಲ್ಲಿರುವ ನಮ್ಮ ಸೀಮೆಯಲ್ಲಿ ಇದನ್ನು ಕಡೆಗಣಿಸುವುದು ತಪ್ಪು. ಆದ್ದರಿಂದ ತಾಲ್ಲೂಕು ಆಸ್ಪತ್ರೆಯ ಪ್ರತಿ ವರದಿಯಲ್ಲೂ ನೇರ (ನೀರಿನಲ್ಲಿ ಕರಗುವ) ಮತ್ತು ಪರೋಕ್ಷ (ಕರಗದ) ಬಿಲಿರುಬಿನ್ ಪ್ರಮಾಣ ಬೇರೆ ಬೇರೆಯಾಗಿ ನಮೂದಾಗಬೇಕು. ಎರಡು ವಾರ ಕಳೆದರೂ ಹಳದಿ ಇಳಿಯದ ಅಥವಾ ಅದಕ್ಕೂ ಮೊದಲೇ ವೇಗವಾಗಿ ಏರುವ ಶಿಶುವನ್ನು ತಡಮಾಡದೆ ದಾವಣಗೆರೆಯ ಮಕ್ಕಳ ತಜ್ಞರಿಗೆ ಒಪ್ಪಿಸಿ, ಜೀನ್ ಪರೀಕ್ಷೆಯ ರಕ್ತದ ಮಾದರಿಯನ್ನು ಸರ್ಕಾರವೇ ತನ್ನ ವೆಚ್ಚದಲ್ಲಿ ಬೆಂಗಳೂರಿಗೆ ಕಳುಹಿಸಬೇಕು.